ಕೊಳವೆಬಾವಿಯ ಮ್ಯಾಂಗನೀಸಿಗೆ ಮಿತಿ ಲೆಕ್ಕ ಹಾಕಿದ ಬಗೆ: ನನ್ನ ಅನುಭವ

ಉಡುಪಿ ತಾಲೂಕಿನ ಒಂದು ಗ್ರಾಮ ಪಂಚಾಯತಿಯ ಕೊಳವೆಬಾವಿಯ ನೀರಿನಲ್ಲಿ ಮ್ಯಾಂಗನೀಸ್ ಎಂಬ ಲೋಹದ ಅಂಶ ಲೀಟರಿಗೆ 0.1 ಮಿಲಿಗ್ರಾಂ ದಾಟಿತ್ತು, ಆದರೆ 0.3ರ ಒಳಗಿತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500ರ 2012ರ ಆವೃತ್ತಿಯ ಪ್ರಕಾರ ಮೊದಲನೆಯದು ಸ್ವೀಕಾರಾರ್ಹ ಮಿತಿ. ಎರಡನೆಯದು ಬೇರೆ ಜಲಮೂಲವಿಲ್ಲದ ಕಡೆ ಒಪ್ಪಬಹುದಾದ ಮಿತಿ. ಈ ನೀರನ್ನು ಎಳೆ ಮಕ್ಕಳಿರುವ ಮನೆಗಳಿಗೆ ಕೊಡಬಹುದೇ ಎಂದು ಪಂಚಾಯತಿಯವರು ನೀರಿನ ಪರೀಕ್ಷೆಯ ಕೆಲಸದಲ್ಲಿರುವ ನನ್ನನ್ನು ಕೇಳಿದರು. ಮಾನಕದ ಪಟ್ಟಿ ತೋರಿಸಿ 'ಕೊಡಬಹುದು' ಎನ್ನುವುದು ಸುಲಭವಿತ್ತು. ಆದರೆ 0.1 ಎಂಬ ಅಂಕಿಯ ಹಿಂದೆ ಇರುವುದು ಹೆಚ್ಚಾಗಿ ನೀರಿನ ರುಚಿ, ಬಣ್ಣ ಮತ್ತು ಕಲೆಯ ವಿಚಾರ. ಆರೋಗ್ಯದ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕು.

ಆ ಲೆಕ್ಕ ಆರಂಭವಾಗುವುದು ವಿಷಪರಿಣಾಮದ ಪ್ರಯೋಗದಿಂದ. ಆಗತಾನೇ ಹುಟ್ಟಿದ ಇಲಿಮರಿಗಳಲ್ಲಿ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 25 ಮಿಲಿಗ್ರಾಂ ಮ್ಯಾಂಗನೀಸ್ ಕೊಟ್ಟಾಗ ನರಮಂಡಲದ ಮೇಲೆ ಪರಿಣಾಮ ಕಂಡುಬಂದಿದೆ. ಇಲಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ ಹತ್ತು, ಮನುಷ್ಯರೊಳಗಿನ ವ್ಯತ್ಯಾಸಕ್ಕೆ ಹತ್ತು, ಪರಿಣಾಮವೇ ಕಾಣದ ಪ್ರಮಾಣ ಸಿಗದೆ ಪರಿಣಾಮ ಕಂಡ ಪ್ರಮಾಣದಿಂದಲೇ ಹೊರಟದ್ದಕ್ಕೆ ಇನ್ನೊಂದು ಹತ್ತು ಎಂದು ಒಟ್ಟು ಸಾವಿರದಿಂದ ಭಾಗಿಸಿದರೆ, ದಿನವೂ ಸಹಿಸಬಹುದಾದ ಸೇವನೆ ಪ್ರತಿ ಕಿಲೋಗ್ರಾಮಿಗೆ 0.025 ಮಿಲಿಗ್ರಾಂ ಆಗುತ್ತದೆ. ಇಷ್ಟು ವಿಶ್ವ ಆರೋಗ್ಯ ಸಂಸ್ಥೆಯದೇ ದಾರಿ, ಅದನ್ನು ಬದಲಿಸುವ ಅಧಿಕಾರವಾಗಲಿ ಕಾರಣವಾಗಲಿ ನನಗಿರಲಿಲ್ಲ.

ಊರನ್ನು ನೋಡಿ ತೀರ್ಮಾನಿಸಬೇಕಾದದ್ದು ಮುಂದಿನ ಹೆಜ್ಜೆ: ಆ ನೀರನ್ನು ಕುಡಿಯುವವರು ಯಾರು, ಎಷ್ಟು ಕುಡಿಯುತ್ತಾರೆ? ವಯಸ್ಕರಿಗೆ 60 ಕಿಲೋ ತೂಕ, ದಿನಕ್ಕೆ 2 ಲೀಟರ್ ನೀರು ಎಂಬುದು ರೂಢಿಯ ಅಂದಾಜು. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ತೋಟದ ಕೆಲಸ ಮಾಡುವವರಿಗೆ, ಮೇಲಾಗಿ ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಉಪ್ಪು ಹಾಕಿ ಕುಡಿಯುವವರಿಗೆ, ಈ ಅಂದಾಜು ಸಾಲದೆಂದು ತೋರಿ ನಾನು 3 ಲೀಟರ್ ಹಿಡಿದೆ. ಸಹಿಸಬಹುದಾದ ಸೇವನೆಯಲ್ಲಿ ಅರ್ಧ ಪಾಲು ನೀರಿಗೆ ಎಂದಿಟ್ಟರೆ ವಯಸ್ಕರ ಮಿತಿ ಲೀಟರಿಗೆ 0.25 ಮಿಲಿಗ್ರಾಮಿಗೆ ಬರುತ್ತದೆ. ಬಾಟಲಿ ಹಾಲು ಕುಡಿಯುವ ಶಿಶುವಿನ ಲೆಕ್ಕವೇ ಬೇರೆ. ಐದು ಕಿಲೋ ತೂಕದ ಮಗು ದಿನಕ್ಕೆ 0.75 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡು, ಉಳಿದರ್ಧ ಪಾಲನ್ನು ಹಾಲಿನ ಪುಡಿಗೆ ಬಿಟ್ಟರೆ ಬರುವ ಉತ್ತರ 0.083, ಅಂದರೆ 0.08. ಸಾವಿರದಿಂದ ಭಾಗಿಸಿದ ಲೆಕ್ಕದಲ್ಲಿ ಮೂರನೆಯ ದಶಮಾಂಶಕ್ಕಾಗಿ ವಾದಿಸುವುದರಲ್ಲಿ ಅರ್ಥವಿಲ್ಲ. ಶಿಶುಗಳ ಕರುಳು ಮ್ಯಾಂಗನೀಸನ್ನು ಹೆಚ್ಚು ಹೀರಿಕೊಳ್ಳುತ್ತದೆ, ಪಿತ್ತರಸದ ಮೂಲಕ ಅದು ಹೊರಹೋಗುವುದು ಕಡಿಮೆ. ಆದ್ದರಿಂದ ಮಿತಿಯನ್ನು ನಿರ್ಧರಿಸಬೇಕಾದದ್ದು ಮಗುವೇ.

ಹಾಲಿನ ಪುಡಿ ಕಲಸುತ್ತಿದ್ದ ಒಬ್ಬ ತಾಯಿಯನ್ನು ಯಾವ ನೀರು ಹಾಕುತ್ತೀರೆಂದು ವಿಚಾರಿಸಿದಾಗ, "ನಳ್ಳಿ ನೀರೇ ಸರ್, ಕುದಿಸಿಯೇ ಹಾಕುವುದು, ಮತ್ತೆಂಥ ತೊಂದರೆ?" ಎಂದರು. ಕುದಿಸುವುದರಿಂದ ರೋಗಾಣು ಸಾಯುತ್ತದೆ, ಮ್ಯಾಂಗನೀಸ್ ಹೋಗುವುದಿಲ್ಲ. ಆವಿಯಾದಷ್ಟೂ ಅದರ ಸಾಂದ್ರತೆ ತುಸು ಹೆಚ್ಚುತ್ತದೆ. ಅದೇ ಮನೆಯ ಬಿಳಿ ಬೈರಾಸಿನ (ಟವೆಲಿನ) ಮೇಲೆ ಕಂದುಗಪ್ಪು ಕಲೆಗಳಿದ್ದವು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಕಲೆ ಹೆಚ್ಚಾಯಿತು ಎಂದು ಅವರೇ ತೋರಿಸಿದರು. ಕ್ಲೋರಿನ್ ಮ್ಯಾಂಗನೀಸನ್ನು ನಿಧಾನವಾಗಿ ಉತ್ಕರ್ಷಿಸುವುದರಿಂದ, ಅಂದರೆ ನೀರಿನಲ್ಲಿ ಕರಗದ ಕಂದುಗಪ್ಪು ಕಣವಾಗಿಸುವುದರಿಂದ, ಹಾಗಾಗುತ್ತದೆ. ಹಾಗೆಂದು ಕ್ಲೋರಿನ್ ನಿಲ್ಲಿಸಿ ಎಂದು ನಾನು ಹೇಳಲಿಲ್ಲ, ರೋಗಾಣುವಿನ ಅಪಾಯ ಯಾವತ್ತೂ ಮೊದಲಿನದು.

ಗಾಳಿಯಾಡಿಸಿ ಮರಳಿನಲ್ಲಿ ಸೋಸಿದರೆ ಸಾಕಲ್ಲವೇ ಎಂದು ಸಭೆಯಲ್ಲಿ ಕೇಳಿದರು. ಕಬ್ಬಿಣಕ್ಕೆ ಅದು ಬಹುಮಟ್ಟಿಗೆ ಸಾಕು. ಮುರಕಲ್ಲಿನ ನೆಲದ ಹುಳಿ ನೀರಿನಲ್ಲಿ ಮ್ಯಾಂಗನೀಸ್ ಅಷ್ಟು ಬೇಗ ಮಣಿಯುವುದಿಲ್ಲ, ಸುಣ್ಣದಿಂದ ಪಿ.ಎಚ್. ಏರಿಸಬೇಕು (ಅಂದರೆ ನೀರಿನ ಹುಳಿ ತಗ್ಗಿಸಬೇಕು), ಇಲ್ಲವೇ ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಿದ ಮರಳಿನ ಸೋಸುಕ ಬೇಕು. ಎರಡಕ್ಕೂ ನಿತ್ಯ ನೋಡಿಕೊಳ್ಳುವ ಜನ ಬೇಕು.

ಹಾಗಾಗಿ ನಾನು ಬರೆದುಕೊಟ್ಟ ಟಿಪ್ಪಣಿಯಲ್ಲಿ ಎರಡು ಮಿತಿಗಳಿದ್ದವು. ಕೊಳವೆಬಾವಿಯ ನೀರು 0.25ರ ಒಳಗಿರುವಷ್ಟು ದಿನ ದೊಡ್ಡವರ ಬಳಕೆಗೆ ಅಡ್ಡಿಯಿಲ್ಲ. ಶಿಶುವಿನ ಹಾಲಿಗೆ 0.08ರ ಒಳಗಿನ ತೆರೆದ ಬಾವಿಯ ನೀರನ್ನೇ ಕುದಿಸಿ ಬಳಸಬೇಕು. ಏಪ್ರಿಲ್ ಕೊನೆಯಲ್ಲಿ ಬಾವಿ ತಳ ಕಾಣುವ ಮನೆಗಳಿಗೆ ಪಂಚಾಯತಿ ಬೇರೆ ನೀರು ತಲುಪಿಸಬೇಕು ಎಂಬ ಮಾತನ್ನು ಕೊನೆಗೆ ಸೇರಿಸಿದೆ, ಚರ್ಚೆಯಾದದ್ದು ಹೆಚ್ಚಾಗಿ ಆ ಸಾಲಿನ ಮೇಲೆಯೇ.