ಹಳೇ ಕ್ಯಾಬಿನೆಟ್ಟಿಗೆ ಗ್ರೈಂಡರ್ ಮುಟ್ಟಿಸದೆ ಹೊಸ ಕಂಪ್ಯೂಟರ್

ಹಳೇ ಕಂಪ್ಯೂಟರ್ ಕ್ಯಾಬಿನೆಟ್ಟಿನಲ್ಲಿ ಹೊಸ ಮದರ್‌ಬೋರ್ಡ್ ಕೂರಿಸಲು ಹೊರಟವರು ಮೊದಲು ಹುಡುಕುವುದು ಗ್ರೈಂಡರನ್ನು. ಹಿಂದಿನ ತಗಡು ಕತ್ತರಿಸಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ನಾಳೆ ಯಾರಾದರೂ ಅದಕ್ಕೆ ಹಳೇ ಬೋರ್ಡನ್ನೇ ವಾಪಸ್ ಹಾಕುತ್ತೇನೆ ಅಂದರೆ ಆಗಲ್ಲ. ಇಂಥ ಕ್ಯಾಬಿನೆಟ್ ಈಗ ಹೊಸದಾಗಿ ಸಿಗುವುದು ಕಷ್ಟ. ಅದಕ್ಕೇ ನಾನು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ: ಡಬ್ಬಕ್ಕೆ ಹೊಸದಾಗಿ ಒಂದು ತೂತೂ ಬೀಳಬಾರದು.

ಕ್ಯಾಬಿನೆಟ್ ನಮ್ಮ ಚಿಕ್ಕಪ್ಪನದು. ತುಮಕೂರಿನಲ್ಲಿ ಅವರದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ ಎಲ್ಲ ಇದರಲ್ಲೇ ತಯಾರಾಗುತ್ತಿದ್ದವು. 486 ಪ್ರೊಸೆಸರ್ ಕಾಲದ್ದು, ಅಂದರೆ 1990ರ ದಶಕದ ಮೊದಲ ಭಾಗ. ಮಲಗಿಸಿ ಇಟ್ಟು ಅದರ ಮೇಲೆ ಮಾನಿಟರ್ ಇಡುವ ಮಾದರಿ. ಮುಂದೆ ದಪ್ಪ ಪವರ್ ಬಟನ್, ವೇಗ ಬದಲಿಸುವ ಟರ್ಬೊ ಬಟನ್, ರೀಸೆಟ್, ಬೀಗದ ಕೈ ಹಾಕುವ ಜಾಗ, ಎರಡು ಅಂಕಿ ತೋರಿಸುವ ಸಣ್ಣ ಡಿಸ್‌ಪ್ಲೇ.

ಒಳಗಿನ ಬೋರ್ಡ್ ಸತ್ತುಹೋಗಿತ್ತು. ಆಗಿನ ಎಷ್ಟೋ ಬೋರ್ಡುಗಳ ಮೇಲೆ ಗಡಿಯಾರಕ್ಕೆಂದು 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬೆಸೆದಿರುತ್ತಿದ್ದರು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದರೆ ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಕಿಲುಬು ಕಂಡರೆ ಅದೇ ಕಾರಣ. ಸೋರುವುದು ಕ್ಷಾರ. ಆದ್ದರಿಂದ ತಳದ ತಗಡನ್ನು ವಿನೆಗರ್ ಬಟ್ಟೆಯಿಂದ ಒರೆಸಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದೆ. ನಿಮ್ಮ ಬೋರ್ಡ್ ಇನ್ನೂ ಓಡುತ್ತಿದ್ದರೆ ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ. ಓಡುವ 486 ಬೇಕು ಅನ್ನುವವರು ಇದ್ದಾರೆ, ಅವರಿಗೆ ಕೊಡಿ.

ಈಗ ನಾವು ಬಳಸುವ ಎಟಿಎಕ್ಸ್ ಅಳತೆಯನ್ನು ಇಂಟೆಲ್ 1995ರಲ್ಲಿ ತಂದಿತು. ಅದಕ್ಕೂ ಹಿಂದಿನದು ಎಟಿ. ಎಟಿ ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಕೀಬೋರ್ಡಿಗೆ ಒಂದು ದುಂಡನೆ ತೂತು, ಕಾರ್ಡುಗಳಿಗೆ ಉದ್ದನೆ ಸ್ಲಾಟುಗಳು, ಹೆಚ್ಚೆಂದರೆ ಸೀರಿಯಲ್ ಪೋರ್ಟಿನ ಕಿಂಡಿ. ಅಷ್ಟೇ. ಹೊಸ ಬೋರ್ಡಿನ ಪೋರ್ಟುಗಳೆಲ್ಲ ಒಟ್ಟಿಗೆ ಹೊರಬರಲು ಸುಮಾರು 159 × 44.5 ಮಿ.ಮೀ. ಕಿಂಡಿ ಬೇಕು, ಅದು ಇಲ್ಲ. ಗ್ರೈಂಡರ್ ಬರುವುದೇ ಇಲ್ಲಿಗೆ.

ನಾನು ಬೋರ್ಡನ್ನು ಹಿಂದಿನ ಗೋಡೆಗೆ ತಾಗಿಸಲೇ ಇಲ್ಲ. ಮಿನಿ ಐಟಿಎಕ್ಸ್ ಬೋರ್ಡ್ 170 ಮಿ.ಮೀ. ಚೌಕ. ಹಳೇ ಬೇಬಿ ಎಟಿ ಬೋರ್ಡ್ 216 ಮಿ.ಮೀ. ಅಗಲ, 330 ಮಿ.ಮೀ. ಉದ್ದದವರೆಗೂ ಇರುತ್ತಿತ್ತು. ಅಂದರೆ ಜಾಗ ಧಾರಾಳ. ಬೋರ್ಡನ್ನು ಸುಮಾರು 10 ಸೆಂ.ಮೀ. ಒಳಕ್ಕೆ ಕೂರಿಸಿ, ಎಚ್‌ಡಿಎಂಐ, ಯುಎಸ್‌ಬಿ, ಲ್ಯಾನ್‌ಗೆ ಗಿಡ್ಡ ಎಕ್ಸ್‌ಟೆನ್ಶನ್ ಕೇಬಲ್ ಹಾಕಿದೆ. ಅವುಗಳ ಬಾಯಿಯನ್ನು ಸ್ಲಾಟ್ ಮುಚ್ಚುವ ತಗಡಿನ ಪಟ್ಟಿಗಳಿಗೆ ಬಿಗಿದೆ. ಅರ ಹಾಕಿ ಉಜ್ಜಿದ್ದು, ತೂತು ಕೊರೆದದ್ದು ಎಲ್ಲ ಆ ಪಟ್ಟಿಗಳಿಗೆ ಮಾತ್ರ. ಹಾಳಾದರೆ ಇನ್ನೊಂದು ಪಟ್ಟಿ ಸಿಗುತ್ತದೆ, ಡಬ್ಬ ಸಿಗಲ್ಲ ಅಲ್ವಾ? ಹಳೇ ಸೀರಿಯಲ್, ಪ್ಯಾರಲಲ್ ಪೋರ್ಟಿನ ಪಟ್ಟಿ ನಿಮ್ಮಲ್ಲಿದ್ದರೆ ಎಸೆಯಬೇಡಿ. ಅದರಲ್ಲಿ ಕಿಂಡಿ ಆಗಲೇ ಇರುತ್ತದೆ, ಸ್ವಲ್ಪ ಉಜ್ಜಿದರೆ ಸಾಕು. ಬೇಕಾದ ಕೇಬಲ್ಲುಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕವು.

ಈ ದಾರಿಯಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆ ಬಿಡಬೇಕಾಗುತ್ತದೆ. ನನಗೆ ಅದು ಬೇಕಿರಲಿಲ್ಲ. ಒಳಗೇ ಗ್ರಾಫಿಕ್ಸ್ ಇರುವ ಇಂಟೆಲ್ ಐ3-12100 ಪ್ರೊಸೆಸರ್ ತಗೊಂಡೆ. ಹೆಸರಿನ ಕೊನೆಗೆ ಎಫ್ ಇರುವುದರಲ್ಲಿ ಗ್ರಾಫಿಕ್ಸ್ ಇರಲ್ಲ, ನೋಡಿಕೊಂಡು ತಗೊಳ್ಳಿ. ಡಿಸ್ಕ್ ಎಂ.2, ಬೋರ್ಡ್ ಮೇಲೇ ಕೂರುತ್ತದೆ.

ಬೋರ್ಡ್ ನಿಲ್ಲಲು ಒಂದು ಆಸರೆ ಬೇಕಲ್ಲ. ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ವರ್ಕ್‌ಶಾಪಿಗೆ ಹೋಗಿ 2 ಮಿ.ಮೀ. ಅಲ್ಯೂಮಿನಿಯಂ ಶೀಟ್ ಕತ್ತರಿಸಿಕೊಂಡೆ. ಮೇಸ್ತ್ರಿ ಕ್ಯಾಬಿನೆಟ್ ತಿರುಗಿಸಿ ನೋಡಿ, “ಸಾರ್, ಇಷ್ಟೆಲ್ಲ ಯಾಕೆ? ಹಿಂದ್ಗಡೆ ಒಂದು ಕಿಂಡಿ ಹೊಡ್ಕೊಟ್ರೆ ಹತ್ತು ನಿಮಿಷದ ಕೆಲ್ಸ” ಅಂದರು. “ಬೇಡಣ್ಣ, ಡಬ್ಬ ಹಂಗೇ ಇರ್ಲಿ. ಶೀಟ್ ಮಾತ್ರ ಮಾಡ್ಕೊಡಿ” ಅಂದೆ. ಅವರಿಗೆ ಅಷ್ಟು ಸರಿ ಅನ್ನಿಸಲಿಲ್ಲ. ಆದರೂ ಅಂಚುಗಳನ್ನೆಲ್ಲ ಕೈಗೆ ತಾಗದಂತೆ ನುಣ್ಣಗೆ ಮಾಡಿಕೊಟ್ಟರು. ಶೀಟಿನ ಕೆಳಗಿನ ತೂತುಗಳು ಹಳೇ ಬೋರ್ಡ್ ನಿಂತಿದ್ದ ಜಾಗಗಳಿಗೇ ಹೊಂದುತ್ತವೆ. ಮೇಲಿನ ನಾಲ್ಕು ಹೊಸ ಬೋರ್ಡಿನವು, ಅವಕ್ಕೆ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆ ಸ್ಟ್ಯಾಂಡ್‌ಆಫ್. ಅಳತೆಯನ್ನು ಎಲ್ಲಿಂದಲೋ ನಕಲು ಮಾಡಬೇಡಿ. ನಿಮ್ಮ ಬೋರ್ಡನ್ನೇ ದಪ್ಪ ಕಾಗದದ ಮೇಲಿಟ್ಟು ತೂತುಗಳನ್ನು ಗುರುತು ಹಾಕಿಕೊಳ್ಳಿ. ಹಳೇ ಪ್ಲಾಸ್ಟಿಕ್ ಗೂಟಗಳನ್ನೇ ನಂಬಿಕೊಳ್ಳುವುದೂ ಬೇಡ, ಈಗಿನ ಕೂಲರ್ ಒತ್ತಿ ಕೂರಿಸುವಾಗ ಅವು ಬಾಗುತ್ತವೆ.

ಇನ್ನು ಪವರ್ ಬಟನ್. ಇಲ್ಲಿ ದಯವಿಟ್ಟು ನಿಧಾನ. ಎಟಿ ಕಾಲದ ಬಟನ್ನಿಗೆ, ಕಂಪ್ಯೂಟರಿನ ಕರೆಂಟ್ ಡಬ್ಬದಿಂದ, ಅಂದರೆ ಎಸ್‌ಎಂಪಿಎಸ್‌ನಿಂದ ದಪ್ಪ ಕೇಬಲ್ಲಿನಲ್ಲಿ ನಾಲ್ಕು ವೈರ್ ಬರುತ್ತವೆ. ಅದರಲ್ಲಿ ಹರಿಯುವುದು ನೇರವಾಗಿ 230 ವೋಲ್ಟ್. ಪ್ಲಗ್ ಕಿತ್ತು, ಹಳೇ ಎಸ್‌ಎಂಪಿಎಸ್ಸನ್ನು ಆ ಕೇಬಲ್ ಸಮೇತ ಹೊರಗೆ ತೆಗೆಯಿರಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ, ಒಳಗಿನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ.

ಹೊಸ ಬೋರ್ಡಿಗೆ ಬೇಕಾಗಿರುವುದು ಎರಡು ಪಿನ್ನುಗಳನ್ನು ಒಂದು ಕ್ಷಣ ಮುಟ್ಟಿಸಿ ಬಿಡುವ ಬಟನ್. ಹಳೇದು ಒತ್ತಿದರೆ ಒಳಗೇ ಕಚ್ಚಿಕೊಳ್ಳುತ್ತದೆ. ಬಹಳ ಜನ ರೀಸೆಟ್ ಬಟನ್ನನ್ನೇ ಪವರ್ ಮಾಡಿಕೊಳ್ಳುತ್ತಾರೆ. ನನಗೆ ಆ ದಪ್ಪ ಬಟನ್ನೇ ಬೇಕಿತ್ತು. ಬಟನ್ ಬಿಚ್ಚಿ ಪಕ್ಕದಿಂದ ನೋಡಿದರೆ, ಜಾರುವ ಪ್ಲಾಸ್ಟಿಕ್ ತುಂಡಿನ ಮೇಲೆ ಹೃದಯದ ಆಕಾರದ ಸಣ್ಣ ತೋಡು ಕಾಣುತ್ತದೆ. ಅದರಲ್ಲಿ ಸ್ಟೇಪ್ಲರ್ ಪಿನ್ನಿನಂಥ ಒಂದು ತಂತಿ ಓಡಾಡುತ್ತದೆ. ಒತ್ತಿದಾಗ ತಂತಿ ಹೃದಯದ ತಗ್ಗಿಗೆ ಸಿಕ್ಕಿ ನಿಲ್ಲುತ್ತದೆ, ಮತ್ತೆ ಒತ್ತಿದರೆ ಬಿಡುತ್ತದೆ. ಚಿಮುಟದಿಂದ ಆ ತಂತಿ ತೆಗೆದರೆ ಬಟನ್ ಒತ್ತಿ ಬಿಟ್ಟ ತಕ್ಷಣ ಮೇಲೆ ಬರುತ್ತದೆ. ತಂತಿಯನ್ನು ಪೊಟ್ಟಣ ಕಟ್ಟಿ ಕ್ಯಾಬಿನೆಟ್ ಒಳಗೇ ಅಂಟಿಸಿದ್ದೇನೆ. ಎಲ್ಲ ಬಟನ್ನುಗಳಲ್ಲೂ ಇದು ಕೈಗೆ ಸಿಗುವ ಹಾಗೆ ಇರಲ್ಲ. ನಿಮ್ಮದು ಪೂರ್ತಿ ಮುಚ್ಚಿದ್ದರೆ ರೀಸೆಟ್ ಬಟನ್ನೇ ಗತಿ.

ಡಿಸ್‌ಪ್ಲೇ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಅದು ವೇಗ ಅಳೆಯುತ್ತದೆ ಅಂತ ಅಂಗಡಿಗೆ ಬರುತ್ತಿದ್ದವರೆಲ್ಲ ನಂಬಿದ್ದರು. ಅದು ಏನನ್ನೂ ಅಳೆಯುವುದಿಲ್ಲ. ಹಿಂದೆ ಪಿನ್ನುಗಳನ್ನು ಕೂಡಿಸುವ ಸಣ್ಣ ಜಂಪರ್‌ಗಳಿವೆ, ಯಾವ ಗೆರೆ ಯಾವಾಗ ಹತ್ತಬೇಕು ಅಂತ ಅವೇ ಹೇಳುತ್ತವೆ. ಐ3-12100ರ ಮೂಲ ವೇಗ 3.3 ಗಿಗಾಹರ್ಟ್ಸ್, ಟರ್ಬೊ ವೇಗ 4.3. ಹಾಗಾದರೆ ಟರ್ಬೊ ಬಟನ್ ಒತ್ತದಿದ್ದಾಗ 33, ಒತ್ತಿದಾಗ 43 ಬರಬೇಕು. ಬಲಗಡೆಯ ಮೂರು ಹಾಗೇ ಇರುತ್ತದೆ. ಎಡಗಡೆ ಮೂರು ಹೋಗಿ ನಾಲ್ಕಾಗಲು ಮೇಲಿನ ಮತ್ತು ಕೆಳಗಿನ ಅಡ್ಡಗೆರೆ ಆರಬೇಕು, ಎಡಮೇಲಿನ ನಿಂತ ಗೆರೆ ಹತ್ತಬೇಕು. ಬಲದ ಎರಡು, ನಡುವಿನ ಒಂದು ಯಾವಾಗಲೂ ಉರಿಯುತ್ತಿರಬೇಕು. ಜಂಪರ್ ಕೀಳುವ ಮುಂಚೆ ಹಳೇ ಜೋಡಣೆಯ ಫೋಟೊ ತೆಗೆದಿಟ್ಟುಕೊಂಡೆ. ಕರೆಂಟಿಗೆ ಎಸ್‌ಎಂಪಿಎಸ್‌ನ ನಾಲ್ಕು ಪಿನ್ನಿನ ಕನೆಕ್ಟರಿನ ಕೆಂಪು ಮತ್ತು ಕಪ್ಪು ವೈರ್, ಅಂದರೆ 5 ವೋಲ್ಟ್ ಸಾಕು. ಹಳದಿ ಬೇಡ, ಅದು 12 ವೋಲ್ಟ್.

ಎಸ್‌ಎಂಪಿಎಸ್ ತಗೊಳ್ಳುವಾಗ ಫ್ಯಾನ್ ಎಲ್ಲಿದೆ ನೋಡಿ. ಈಗಿನವುಗಳಲ್ಲಿ 120 ಮಿ.ಮೀ. ಫ್ಯಾನ್ ಅಗಲವಾದ ಮುಖದಲ್ಲಿರುತ್ತದೆ. ಮಲಗಿದ ಕ್ಯಾಬಿನೆಟ್ಟಿನಲ್ಲಿ ಆ ಮುಖ ತಳಕ್ಕೆ ಬಂದರೆ ಗಾಳಿ ಸಿಗಲ್ಲ. ತಿರುಗಿಸೋಣ ಅಂದರೆ ಸ್ಕ್ರೂ ತೂತುಗಳು ಹೊಂದಲ್ಲ. ಹಿಂದೆ 80 ಮಿ.ಮೀ. ಫ್ಯಾನ್ ಇರುವುದೇ ಇಂಥದ್ದಕ್ಕೆ ಸರಿ. ಮುಂದಿನ ಗಾಳಿ ಕಿಂಡಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದೆ. ಕೊನೆಗೆ ಮಲ್ಟಿಮೀಟರ್ ಹಿಡಿದು ಪ್ಲಗ್ಗಿನ ಅರ್ಥ್ ಪಿನ್ನಿಗೂ ಅಲ್ಯೂಮಿನಿಯಂ ಶೀಟಿಗೂ ಸಂಪರ್ಕ ಇದೆಯಾ ನೋಡಿ. ಪೇಂಟ್ ಅಡ್ಡ ಬಂದರೆ ಇರಲ್ಲ. ಗೋಡೆಯ ಸಾಕೆಟ್ಟಿನಲ್ಲೂ ಅರ್ಥಿಂಗ್ ಸರಿ ಇರಬೇಕು, ಇಲ್ಲದಿದ್ದರೆ ಡಬ್ಬ ಮುಟ್ಟಿದಾಗಲೆಲ್ಲ ಜುಮ್ ಅನ್ನುತ್ತದೆ.

ಹಿಂದಿನ ದುಂಡನೆ ತೂತನ್ನೂ ಖಾಲಿ ಬಿಡಲಿಲ್ಲ. ಎಟಿ ಕೀಬೋರ್ಡಿನ ಐದು ಪಿನ್ನಿನ ದಪ್ಪ ಪ್ಲಗ್ಗನ್ನು ಒಂದು ಸಾದಾ ಅಡಾಪ್ಟರ್ ಹಾಕಿ ಪಿಎಸ್/2 ಪೋರ್ಟಿಗೆ (ಯುಎಸ್‌ಬಿಗೂ ಮುಂಚಿನ ಸಣ್ಣ ದುಂಡನೆ ಕೀಬೋರ್ಡ್ ಪೋರ್ಟು) ಕೊಡಬಹುದು, ಎರಡೂ ಮಾತಾಡುವ ರೀತಿ ಒಂದೇ. ಪಿಎಸ್/2 ಇರುವ ಬೋರ್ಡನ್ನೇ ಅದಕ್ಕಾಗಿ ಹುಡುಕಿ ತಗೊಂಡಿದ್ದೆ. ಕೀಬೋರ್ಡಿನ ಅಡಿಯಲ್ಲಿ ಎಕ್ಸ್‌ಟಿ, ಎಟಿ ಅಂತ ಸಣ್ಣ ಸ್ವಿಚ್ ಇದ್ದರೆ ಎಟಿ ಕಡೆಗೆ ತಳ್ಳಿ, ಎಕ್ಸ್‌ಟಿಯಲ್ಲಿ ಕೆಲಸ ಮಾಡಲ್ಲ. ಈ ಹಳೇ ಕೀಬೋರ್ಡಿನಲ್ಲಿ ವಿಂಡೋಸ್ ಕೀ ಇಲ್ಲ. ಸ್ಟಾರ್ಟ್ ಮೆನು ಬೇಕಾದಾಗ ಕಂಟ್ರೋಲ್ ಹಿಡಿದು ಎಸ್ಕೇಪ್ ಒತ್ತಿದರಾಯಿತು.