ಬೆಳಗ್ಗೆ ಏಳು ಗಂಟೆಯ ಫೋನ್: ಅಂಗಡಿಗೆ ಇಂಟರ್ನೆಟ್ ಫೋನ್ ಹಾಕಿಸಿದ ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನಮ್ಮದು ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ. ರಿವೈಂಡಿಂಗ್, ಸ್ಟಾರ್ಟರ್, ಕೇಬಲ್ ಎಲ್ಲಾ ಇದೆ. ಅಪ್ಪನ ಕಾಲದಿಂದ ಒಂದೇ ಲ್ಯಾಂಡ್‌ಲೈನ್. ಆ 0836 ನಂಬರ್ ನಾವು ರಿಪೇರಿ ಮಾಡಿದ ಪ್ರತಿ ಸ್ಟಾರ್ಟರ್ ಡಬ್ಬಿಯ ಮೇಲೂ ಸ್ಟಿಕರ್ ಆಗಿ ಕೂತಿದೆ. ಧಾರವಾಡ, ಗದಗ ಕಡೆಯ ಎಷ್ಟು ಪಂಪ್‌ಶೆಡ್‌ಗಳಲ್ಲಿ ಅದು ಇದೆಯೋ ನನಗೇ ಲೆಕ್ಕ ಇಲ್ಲ.

ಬೇಸಿಗೆ ಬಂತು ಅಂದರೆ ಆ ಒಂದು ಲೈನ್ ಸದಾ ಎಂಗೇಜ್. "ನಿಮ್ಮ ಫೋನ್ ಹತ್ತೋದೇ ಇಲ್ಲ" ಅಂತ ಗಿರಾಕಿಗಳು ಅಂಗಡಿಗೇ ಬಂದು ಬೈಯೋರು. ಕ್ಲೌಡ್ ಫೋನ್, ಅಂದರೆ ಕರೆಗಳನ್ನು ಇಂಟರ್ನೆಟ್ ಮೂಲಕ ತೆಗೆದುಕೊಂಡು ಬೇಕಾದ ಕಡೆ ಕಳಿಸುವ ವ್ಯವಸ್ಥೆ, ಮಾರುವ ಮೂರು ಕಂಪನಿಯವರನ್ನು ಕರೆಸಿದೆ. ಮೂವರೂ ಲ್ಯಾಪ್‌ಟಾಪ್ ತೆಗೆದು ಬಣ್ಣಬಣ್ಣದ ಗ್ರಾಫ್ ತೋರಿಸಿದರು. ಒಬ್ಬರಂತೂ 200 ಎಂಬಿಪಿಎಸ್ ಇಂಟರ್ನೆಟ್ ಇಲ್ಲದೆ ಆಗೋದೇ ಇಲ್ಲ ಅಂದರು. ನನಗೆ ತಲೆ ಕೆಟ್ಟು ಎಲ್ಲರನ್ನೂ ಕಳಿಸಿ, ಕೌಂಟರ್ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಎರಡು ವಾರ ಬಂದ ಪ್ರತಿ ಕರೆಯನ್ನೂ ಬರೆಯಬೇಕು: ಎಷ್ಟು ಗಂಟೆ, ಯಾವ ಊರು, ಏನು ಕೆಲಸ. ಬೆಳಗಿನ ಕರೆಗಳಿಗಾಗಿ ನಾನೇ ಏಳು ಗಂಟೆಗೆ ಹೋಗಿ ಕೂತೆ.

ಈ ಇಡೀ ಕಥೆಯಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಯಾಕಂದರೆ ಜಾಸ್ತಿ ಕರೆ ಬರುತ್ತಿದ್ದುದು ಏಳರಿಂದ ಒಂಬತ್ತರ ಒಳಗೆ, ಅಂಗಡಿ ತೆರೆಯುವ ಮುಂಚೆ. ಯೋಚಿಸಿದರೆ ಸರಿಯೇ ಅಲ್ವಾ? ಹೊಲಕ್ಕೆ ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ, ಎಷ್ಟೋ ಕಡೆ ರಾತ್ರಿಯೇ. ಮೋಟಾರ್ ಎದ್ದಿಲ್ಲ ಅಂದರೆ ರೈತ ಬೆಳಗಾಗೋದನ್ನೇ ಕಾಯುತ್ತಾನೆ, ಬೆಳಗಾದ ಕೂಡಲೇ ಸ್ಟಿಕರ್ ನೋಡಿ ಫೋನ್ ಮಾಡುತ್ತಾನೆ. ಆ ಹೊತ್ತಿಗೆ ನಮ್ಮ ಖಾಲಿ ಅಂಗಡಿಯಲ್ಲಿ ಫೋನ್ ಸುಮ್ನೆ ಬಡಿದುಕೊಳ್ಳುತ್ತಿತ್ತು. ಅಂದರೆ ಎಂಗೇಜ್ ಆಗೋದು ಅರ್ಧ ಸಮಸ್ಯೆ ಮಾತ್ರ. ನನಗೆ ಬೇಕಿದ್ದುದು ಬೆಳಗ್ಗೆ ಮೆಕ್ಯಾನಿಕ್ ಮೊಬೈಲ್‌ಗೆ, ಹಗಲು ಕೌಂಟರ್‌ಗೆ ತಾನಾಗಿಯೇ ಹೋಗುವ ಫೋನ್. ಗ್ರಾಫ್ ಯಾರಿಗೆ ಬೇಕು?

ಮತ್ತೆ ಅದೇ ಕಂಪನಿಗಳಿಗೆ ಫೋನ್ ಮಾಡಿದೆ. ಈ ಸಲ ಪ್ರಶ್ನೆ ಕೇಳಿದ್ದು ನಾನು.

ಮೊದಲನೇದು, ಮೆಕ್ಯಾನಿಕ್‌ಗೆ ಕರೆ ಆ್ಯಪ್‌ನಲ್ಲಿ ಬರುತ್ತದೋ ಮಾಮೂಲಿ ಮೊಬೈಲ್ ಕರೆಯಾಗಿ ಬರುತ್ತದೋ? ಹಳ್ಳಿ ದಾರಿಯಲ್ಲಿ ಡೇಟಾ ಸಿಗದಿದ್ದರೆ ಆ್ಯಪ್ ರಿಂಗ್ ಆಗೋದೇ ಇಲ್ಲ. ಒಂದು ಕಂಪನಿ ಇಲ್ಲೇ ಬಿತ್ತು. ಎರಡನೇದು ನಂಬರ್. ಮೊಬೈಲ್ ನಂಬರನ್ನು ಇನ್ನೊಂದು ಕಂಪನಿಗೆ ಒಯ್ಯುವ ಸೌಲಭ್ಯ 2011ರಿಂದ ದೇಶಪೂರ್ತಿ ಇದೆ, ಆದರೆ ಲ್ಯಾಂಡ್‌ಲೈನ್‌ಗೆ ಅದಿಲ್ಲ. ಹಾಗಾಗಿ ಹಳೆ ನಂಬರನ್ನು ಅದೇ ಕಂಪನಿಯಲ್ಲಿ ಉಳಿಸಿಕೊಂಡು, ತಾಮ್ರದ ತಂತಿ ಬಿಟ್ಟು ಫೈಬರ್‌ಗೆ ಬಂದೆ. ಅಲ್ಲಿಂದ ಎಲ್ಲ ಕರೆಯೂ ಕ್ಲೌಡ್ ನಂಬರ್‌ಗೆ ಫಾರ್ವರ್ಡ್. ಒಂದು ಕರೆ ನಡೆಯುತ್ತಿರುವಾಗ ಎರಡನೆಯದೂ ಫಾರ್ವರ್ಡ್ ಆಗುತ್ತದಾ ಅಂತ ಬರವಣಿಗೆಯಲ್ಲೇ ಕೇಳಿಕೊಂಡೆ. ಬಿಲ್ ಮಾತ್ರ ನೋಡಿಕೊಳ್ಳಬೇಕು. ಮೆಕ್ಯಾನಿಕ್‌ಗೆ ಹೋಗುವ ಒಂದೇ ಕರೆಗೆ ಲ್ಯಾಂಡ್‌ಲೈನ್ ಕಂಪನಿಯಲ್ಲಿ ಫಾರ್ವರ್ಡ್ ಲೆಕ್ಕ, ಕ್ಲೌಡ್ ಕಂಪನಿಯಲ್ಲಿ ನಿಮಿಷದ ಲೆಕ್ಕ.

ಮೂರನೇದು ನನಗೆ ಹೊಳೆದದ್ದೇ ಟ್ರಯಲ್ ವಾರದಲ್ಲಿ. ನಾವು ವಾಪಸ್ ಫೋನ್ ಮಾಡಿದರೆ ರೈತರು ಎತ್ತುತ್ತಲೇ ಇರಲಿಲ್ಲ. ಕಾರಣ, ಅವರಿಗೆ ಕಾಣುತ್ತಿದ್ದುದು ಕ್ಲೌಡ್ ಕಂಪನಿಯ 080 ನಂಬರ್. ಬೆಂಗಳೂರಿಂದ ಯಾರೋ ಲೋನ್ ಕೊಡುವವರು ಅಂತ ಕಟ್ ಮಾಡುತ್ತಿದ್ದರು. 0836 ನಂಬರ್ ಕೊಡುವವರು ಸಿಗುವ ತನಕ ಬಿಡಲಿಲ್ಲ.

ಇನ್ನು ಇಂಟರ್ನೆಟ್. ದನಿಯನ್ನು ಡೇಟಾ ಮಾಡುವ ವಿಧಾನಕ್ಕೆ ಕೋಡೆಕ್ ಅಂತಾರೆ; ಸಾಮಾನ್ಯವಾಗಿ ಬಳಸುವ ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಹೋಗುವುದು ಹೆಚ್ಚುಕಡಿಮೆ 87 ಕೆಬಿಪಿಎಸ್, ಆ ಕಡೆ ಈ ಕಡೆ ಎರಡಕ್ಕೂ ಅಷ್ಟಷ್ಟು. ಸಾವಿರ ಕೆಬಿಪಿಎಸ್ ಅಂದರೆ ಒಂದು ಎಂಬಿಪಿಎಸ್, ಹಾಗಾಗಿ ನಾಲ್ಕು ಕರೆ ಒಟ್ಟಿಗೆ ನಡೆದರೂ ಅರ್ಧ ಎಂಬಿಪಿಎಸ್ ಮುಟ್ಟುವುದಿಲ್ಲ. 200 ಬೇಕು ಅಂದವರು ಏನು ಮಾರಲು ಬಂದಿದ್ದರೋ! ಆದರೆ ವೇಗ ಸಾಕಷ್ಟಿದ್ದರೂ ಮೊದಲ ವಾರ ಪಡಬಾರದ ಪಾಡು ಪಟ್ಟೆವು. ನಾವು ಹೇಳಿದ್ದು ಅವರಿಗೆ ಕೇಳುತ್ತದೆ, ಅವರದು ನಮಗೆ ಕೇಳೋದಿಲ್ಲ. ಫೋನ್ ಬದಲಾಯಿಸಿದೆವು, ವೈರ್ ಬದಲಾಯಿಸಿದೆವು, ಸಪೋರ್ಟ್‌ನವರು ರೀಸ್ಟಾರ್ಟ್ ಮಾಡಿ ಅಂತ ಹೇಳೋದು ಬಿಟ್ಟು ಬೇರೆ ಮಾತಾಡಲಿಲ್ಲ. ಕೊನೆಗೆ ನೋಡಿದರೆ ರೌಟರ್‌ನಲ್ಲಿದ್ದ ಸಿಪ್ ಎಎಲ್‌ಜಿ ಎಂಬ ಒಂದು ಸೆಟ್ಟಿಂಗ್. ಫೋನ್‌ಗೆ ಸಹಾಯ ಮಾಡಲಿ ಅಂತ ಇಟ್ಟಿದ್ದು, ಆದರೆ ಕರೆಯ ವಿಳಾಸವನ್ನೇ ತಿದ್ದಿ ಕೆಡಿಸುತ್ತದೆ. ಅದನ್ನು ಆಫ್ ಮಾಡಿದೆ, ಎರಡು ನಿಮಿಷದ ಕೆಲಸ.

ಅದಾದ ಮೇಲೆ ಸಂಜೆ ಹೊತ್ತು ಮಾತ್ರ ದನಿ ಒಡೆದೊಡೆದು ಬರತೊಡಗಿತು. ಬಿಲ್ಲಿಂಗ್ ಕಂಪ್ಯೂಟರ್ ದಿನಾ ಸಂಜೆ ಬ್ಯಾಕಪ್ ಕಳಿಸುತ್ತಿತ್ತು, ಅಪ್‌ಲೋಡ್ ಪೂರ್ತಿ ಅದೇ ನುಂಗುತ್ತಿತ್ತು. ಬ್ಯಾಕಪ್ಪನ್ನು ರಾತ್ರಿಗೆ ತಳ್ಳಿ, ರೌಟರ್‌ನಲ್ಲಿ ಫೋನ್‌ಗೆ ಮೊದಲ ದಾರಿ ಬಿಟ್ಟುಕೊಟ್ಟೆ.

ಕರೆಂಟ್ ವಿಷಯ ಅಪ್ಪ ಹೇಳಿದ್ದರು, ನಾನು ಕೇಳಲಿಲ್ಲ. ಹಳೆ ಫೋನ್‌ಗೆ ಕರೆಂಟ್ ಟೆಲಿಫೋನ್ ಎಕ್ಸ್‌ಚೇಂಜ್‌ನಿಂದಲೇ ತಂತಿಯಲ್ಲಿ ಬರುತ್ತಿತ್ತು, ಅಂಗಡಿ ಕತ್ತಲಾದರೂ ಫೋನ್ ಬದುಕಿರುತ್ತಿತ್ತು. ಈಗ ಫೈಬರ್ ಡಬ್ಬಿ, ರೌಟರ್, ಫೋನ್ ಮೂರಕ್ಕೂ ಯುಪಿಎಸ್ ಬೇಕು. ಅದೂ ಸತ್ತರೆ 20 ಸೆಕೆಂಡ್ ಆದ ಮೇಲೆ ಕರೆ ನನ್ನ ಮೊಬೈಲ್‌ಗೆ ಬರುವ ಹಾಗೆ ಕ್ಲೌಡ್‌ನಲ್ಲೇ ಬರೆಸಿಟ್ಟಿದ್ದೇನೆ.

"ಕನ್ನಡಕ್ಕಾಗಿ ಒಂದು ಒತ್ತಿ" ಅನ್ನೋದನ್ನು ಮೂರನೇ ದಿನವೇ ಕಿತ್ತೆಸೆದೆ. ಅರ್ಧ ಜನ ಅದನ್ನು ಕೇಳಿಯೇ ಫೋನ್ ಇಡುತ್ತಿದ್ದರು. ಈಗ ನನ್ನ ಹೆಂಡತಿಯ ದನಿ ಇದೆ: "ನಮಸ್ಕಾರ್ರೀ, ಸ್ವಲ್ಪ ತಡೀರಿ, ಫೋನ್ ಎತ್ತತೇವಿ." ರೆಕಾರ್ಡಿಂಗ್ ಅಂತ ತಿಳಿಯದೆ ಅವಳ ಜೊತೆಯೇ ಮಾತಿಗಿಳಿಯುವವರಿದ್ದಾರೆ. "ಯಕ್ಕಾ, ಮೋಟಾರ್ ಗುಂಯ್ ಅಂತೈತಿ, ನೀರ್ ಬರವಲ್ದು."

ಇನ್ನೊಂದು. ದಿನಾ ಸಂಜೆ ತಪ್ಪಿದ ಕರೆಗಳ ಪಟ್ಟಿ ಬರುತ್ತದೆ, ಆದರೆ ಮೊದಮೊದಲು ಅದು ಅನುಮಾನ ಬರುವಷ್ಟು ಚಿಕ್ಕದಾಗಿತ್ತು. ಕೆದಕಿ ನೋಡಿದರೆ, ಐದು ಸೆಕೆಂಡ್‌ಗಿಂತ ಚಿಕ್ಕ ಕರೆಗಳನ್ನು ಕಸ ಅಂತ ಸಿಸ್ಟಮ್ಮೇ ಮುಚ್ಚಿಡುತ್ತಿತ್ತು. ನಮ್ಮಲ್ಲಿ ಒಂದೇ ರಿಂಗ್ ಕೊಟ್ಟು ಕಟ್ ಮಾಡಿದರೆ ವಾಪಸ್ ಫೋನ್ ಮಾಡ್ರಿ ಅಂತ ಅರ್ಥ, ಅದನ್ನು ಆ ಸಾಫ್ಟ್‌ವೇರ್‌ಗೆ ಯಾರೂ ಹೇಳಿರಲಿಲ್ಲ. ಆ ಫಿಲ್ಟರ್ ತೆಗೆಸಿದೆ. ಪಟ್ಟಿ ಒಂದೇ ದಿನಕ್ಕೆ ಡಬಲ್ ಆಯಿತು.