ಕೊಪ್ಪರಿಗೆ ಇಳಿಯುವ ಹೊತ್ತಿಗೆ: ಬೆಲ್ಲದ ಗಾಣಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವವರಿಗೆ

ಬೆಲ್ಲದ ಗಾಣ ನೋಡಲು ಹೋದವರಲ್ಲಿ ಬಹಳ ಮಂದಿ ಒಂದು ಲೋಟ ಕಬ್ಬಿನ ಹಾಲು ಕುಡಿದು, ಹೊಗೆಯ ನಡುವೆ ನಾಲ್ಕು ಫೋಟೊ ತೆಗೆದು, ಹತ್ತು ನಿಮಿಷ ಕೊಪ್ಪರಿಗೆ ನೋಡಿ ವಾಪಸ್ ಹೊರಡುತ್ತಾರೆ. ನೋಡುವುದು, ತಿನ್ನುವುದು ಎರಡೂ ಇರುವುದು ಕೊನೆಯ ಅರ್ಧ ತಾಸಿನಲ್ಲಿ. ಒಂದು ಕೊಪ್ಪರಿಗೆ ಏರಿ ಇಳಿಯಲು ಎರಡೂವರೆಯಿಂದ ಮೂರು ತಾಸು ಬೇಕು. ಅಷ್ಟು ಪುರಸೊತ್ತು ಇಲ್ಲದಿದ್ದರೆ ಬೇರೆ ದಿನ ಹೋಗಿ.

ದೀಪಾವಳಿ ಮುಗಿದ ಮೇಲೆ ಗಾಣಗಳು ಒಂದೊಂದಾಗಿ ಶುರುವಾಗುತ್ತವೆ. ಆದರೆ ಎಳ್ಳ ಅಮಾವಾಸ್ಯೆಯಿಂದ ಶಿವರಾತ್ರಿವರೆಗಿನ ದಿನಗಳೇ ಚಲೋ. ಚಳಿಗೆ ಕಬ್ಬಿನ ಬೆಳವಣಿಗೆ ನಿಂತು ಸಿಹಿ ಕೂಡುತ್ತದೆ, ಬೆಲ್ಲ ಗಟ್ಟಿಯಾಗಿ ಕಟ್ಟುತ್ತದೆ. ಅದೇ ಹೊತ್ತಿಗೆ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಹಾಲುಗಾಳು ಕಟ್ಟಿ ಸೀತನಿಗೆ, ಅಂದರೆ ಎಳೆ ತೆನೆ ಸುಟ್ಟು ತಿನ್ನುವ ಹದಕ್ಕೆ, ಬಂದಿರುತ್ತದೆ. ಒಂದೇ ಪಯಣದಲ್ಲಿ ಎರಡೂ ಸಿಗುತ್ತವೆ.

ಹುಬ್ಬಳ್ಳಿ-ಧಾರವಾಡದವರಿಗೆ ಹತ್ತಿರದ ಕಬ್ಬಿನ ಸೀಮೆ ಎಂದರೆ ಕಲಘಟಗಿ ಕಡೆ. ಶಿಗ್ಗಾವಿ, ಬಂಕಾಪುರ ದಾಟಿ ಹಾನಗಲ್ ಕಡೆ ಹೊರಳಿದರೂ ಕಬ್ಬಿದೆ. ಗದಗಿನವರು ಮುಂಡರಗಿ ಬದಿಯ ತುಂಗಭದ್ರಾ ದಂಡೆಯ ಊರುಗಳಲ್ಲಿ ವಿಚಾರಿಸಬಹುದು. ಕಬ್ಬಿದ್ದಲ್ಲೆಲ್ಲ ಗಾಣ ಇರುವುದಿಲ್ಲ, ಕಾರ್ಖಾನೆಗಳು ಬಂದ ಮೇಲೆ ಬಹುಪಾಲು ಕಬ್ಬು ಅಲ್ಲಿಗೇ ಹೋಗುತ್ತದೆ. ಹೀಗಾಗಿ ಸುಮ್ಮನೆ ಕಾರು ಹತ್ತಿ ಹುಡುಕುತ್ತ ಅಲೆಯುವುದಕ್ಕಿಂತ, ಎಪಿಎಂಸಿಯಲ್ಲಿ ಬೆಲ್ಲದ ದಲಾಲಿ ಅಂಗಡಿಯವರನ್ನು ಕೇಳುವುದು ಮೇಲು. ಈ ವಾರ ಯಾವ ಊರಿಂದ ಮಾಲು ಬರುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಊರಿಗೆ ಹೋದ ಮೇಲೆ ‘ಬೆಲ್ಲದ ಗಾಣ’ ಅಥವಾ ‘ಆಲೆಮನೆ’ ಎಂದೇ ಕೇಳಿ. ಬರೀ ‘ಗಾಣ’ ಅಂದರೆ ಎಣ್ಣೆ ಗಾಣಕ್ಕೆ ಕಳಿಸಿಯಾರು.

ಹಿಂದಿನ ದಿನ ಫೋನ್ ಮಾಡಿ ಮೂರು ಮಾತು ಕೇಳಿಕೊಳ್ಳಿ: “ಕಾಕಾರ, ನಾಳೆ ಗಾಣ ನಡೀತೈತೇನ್ರಿ? ಮೊದಲನೇ ಕೊಪ್ಪರಿಗಿ ಎಷ್ಟೊತ್ತಿಗೆ ಇಳೀತೈತ್ರಿ? ಜೋನಿ ಬೆಲ್ಲ ತೆಗಿತೀರೇನ್ರಿ?” ಜೋನಿ ಅಂದರೆ ಗಟ್ಟಿ ಕಟ್ಟದ, ಸುರಿಯುವಂಥ ಬೆಲ್ಲ. ಅಮಾವಾಸ್ಯೆಗೆ ಕೆಲಸ ಬಂದ್ ಇರುವುದು ಹೆಚ್ಚು. ಈಗ ಬಹುತೇಕ ಕಡೆ ಕಬ್ಬು ಅರೆಯುವುದು ಡೀಸೆಲ್ ಅಥವಾ ಕರೆಂಟಿನ ಯಂತ್ರ. ಎಲ್ಲಾದರೂ ಎತ್ತಿನ ಗಾಣ ಸಿಕ್ಕರೆ ಸೋಮವಾರ ಬಿಟ್ಟು ಹೋಗಿ, ಆ ದಿನ ಎತ್ತು ಹೂಡುವುದಿಲ್ಲ.

ಇಳಿಯುವ ಸಮಯ ಗೊತ್ತಾದ ಮೇಲೆ ಅದಕ್ಕಿಂತ ಮೂರು ತಾಸು ಮೊದಲು ಅಲ್ಲಿರಿ.

ಮೊದಲು ಕಬ್ಬು ನೋಡಿ. ಕಡಿದು ಒಂದು ದಿನದೊಳಗೆ ಅರೆದರೆ ಸರಿ. ತಡವಾದಷ್ಟೂ ಕಬ್ಬಿನೊಳಗಿನ ಸಕ್ಕರೆ ಒಡೆದು, ಎಷ್ಟು ಕಾಸಿದರೂ ಹರಳುಗಟ್ಟದೆ ಅಂಟಂಟಾದ ಬೆಲ್ಲವಾಗುತ್ತದೆ. ತುದಿಗಳು ಒಣಗಿ, ಕಡಿದ ಬಾಯಿ ಕೆಂಪಾಗಿ ಹುಳಿ ವಾಸನೆ ಬರುತ್ತಿದ್ದರೆ ಅಲ್ಲಿ ಬೆಲ್ಲ ಕೊಳ್ಳುವ ವಿಚಾರ ಬಿಡಿ. ಸವುಳು ಭೂಮಿಯ ಕಬ್ಬಾದರೆ ಬೆಲ್ಲಕ್ಕೆ ಉಪ್ಪುಪ್ಪು ರುಚಿ ಬರುತ್ತದೆ. ಅದು ಗಾಣದವರ ತಪ್ಪಲ್ಲ.

ಯಂತ್ರದಿಂದ ಬಂದ ಹಾಲು ಬಟ್ಟೆಯಲ್ಲಿ ಸೋಸಿ ತೊಟ್ಟಿಗೆ ಬೀಳುತ್ತದೆ. ಕುಡಿಯುವುದಿದ್ದರೆ ತೊಟ್ಟಿಯದಲ್ಲ, ಯಂತ್ರದ ಬಾಯಿಂದಲೇ ನಿಮ್ಮ ಲೋಟಕ್ಕೆ ಹಿಡಿಸಿಕೊಳ್ಳಿ, ಒಂದು ತುಂಡು ಹಸಿಶುಂಠಿ ಜಜ್ಜಿ ಅರ್ಧ ಲಿಂಬೆ ಹಿಂಡಿಕೊಳ್ಳಿ. ಐದು ನಿಮಿಷದಲ್ಲಿ ಕುಡಿದು ಮುಗಿಸಿ, ಗಾಳಿ ತಾಗಿದರೆ ಕಪ್ಪಾಗುತ್ತದೆ. ಒಂದೇ ಲೋಟ ಸಾಕು. ಇಲ್ಲೇ ಹೊಟ್ಟೆ ತುಂಬಿಸಿಕೊಂಡವರಿಗೆ ಮುಂದಿನದು ಸೇರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಈ ಲೋಟ ಬಿಟ್ಟು, ಕೊನೆಯ ಬೆಲ್ಲವನ್ನು ಉಗುರಿನಷ್ಟು ರುಚಿ ನೋಡುವುದು ಲೇಸು.

ಲೆಕ್ಕ ಹೀಗಿದೆ: ಒಂದು ಟನ್ ಕಬ್ಬಿಗೆ ಸುಮಾರು 600 ಕಿಲೋ ಹಾಲು, ಅದರಿಂದ ಸುಮಾರು 100 ಕಿಲೋ ಬೆಲ್ಲ. ಅಂದರೆ ಒಂದು ಕಿಲೋ ಬೆಲ್ಲದ ಹಿಂದೆ ಹತ್ತು ಕಿಲೋ ಕಬ್ಬು. ಕೆನಡಾದ ಕ್ವಿಬೆಕ್‌ನಲ್ಲಿ ಮೇಪಲ್ ಮರಕ್ಕೆ ತೂತು ಹೊಡೆದು ಇಳಿಸಿದ ನೀರು ಕಾಸುವವರು ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ಕಾಸಬೇಕು. ಆ ನೀರಿನಲ್ಲಿ ಸಕ್ಕರೆ ನೂರಕ್ಕೆ ಎರಡರಷ್ಟೇ. ನಮ್ಮ ಕಬ್ಬಿನ ಹಾಲಿನಲ್ಲಿ ಹದಿನೆಂಟು ಇಪ್ಪತ್ತು ಇದೆ, ಪುಣ್ಯ.

ಉರುವಲು ಹೊರಗಿನದಲ್ಲ, ಅರೆದು ಒಣಗಿಸಿದ ಕಬ್ಬಿನ ಸಿಪ್ಪೆಯೇ. ಹಾಲು ಬಿಸಿಯಾಗುತ್ತಿದ್ದಂತೆ ಮೇಲೆ ಕಪ್ಪು ಕೆನೆಯಂಥ ಕೊಳೆ ಏಳುತ್ತದೆ. ಹುಳಿ ಅಂಶ ತಗ್ಗಲು ಸುಣ್ಣದ ತಿಳಿ, ಕೊಳೆ ಹಿಡಿದು ಮೇಲೆ ತರಲು ಬೆಂಡೆ ಗಿಡ ಜಜ್ಜಿ ನೆನೆಸಿದ ಲೋಳೆ ನೀರು ಹಾಕುತ್ತಾರೆ. ಕುದಿ ಹತ್ತುವ ಮುಂಚೆಯೇ ಈ ಕೊಳೆ ತೆಗೆಯಬೇಕು. ಕುದಿ ಹತ್ತಿತೋ, ಅದು ಮತ್ತೆ ಒಳಗೇ ಬೆರೆತು ಬೆಲ್ಲಕ್ಕೆ ಕಂದು ಮಡ್ಡಿ ಬಣ್ಣ, ಹಲ್ಲಿಗೆ ತಾಗುವ ಕಸ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ, ಕಡಿಮೆಯಾದರೆ ಗಟ್ಟಿ ಕಟ್ಟುವುದಿಲ್ಲ. ಅಳತೆ ಪುಸ್ತಕದಲ್ಲಿಲ್ಲ, ಆ ದಿನದ ಕಬ್ಬಿನ ಮೇಲಿದೆ. ಕೊಳೆ ತೆಗೆದ ಮೇಲೆ ಉರಿ ಜೋರು. ನೊರೆ ಕೊಪ್ಪರಿಗೆಯ ಅಂಚು ಮೀರಿ ಉಕ್ಕುವಾಗ ಒಂದೆರಡು ಚಮಚ ಶೇಂಗಾ ಎಣ್ಣೆ ಬಿಟ್ಟರೆ ಥಟ್ಟನೆ ಕೂರುತ್ತದೆ.

ಇನ್ನು ಕೊನೆಯ ಅರ್ಧ ತಾಸು. ಗುಳ್ಳೆಗಳು ದೊಡ್ಡವಾಗಿ, ಮಂದವಾಗಿ, ‘ಫಟ್ ಫಟ್’ ಎಂದು ಒಡೆಯಲು ಶುರುವಾದಾಗ ಹತ್ತಿರ ಬನ್ನಿ. ಆದರೆ ಮೂರು ಹೆಜ್ಜೆ ದೂರದಲ್ಲೇ ನಿಲ್ಲಿ. 105-106 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಜೋನಿ ಬೆಲ್ಲದ ಹದ, ಅಚ್ಚಿನ ಬೆಲ್ಲಕ್ಕೆ 118ರಿಂದ 120. ಪಾಕ ಕಾಸುವವರು ಥರ್ಮಾಮೀಟರ್ ಹಿಡಿಯುವುದು ಅಪರೂಪ. ಹುಟ್ಟಿನ ತುದಿಯಿಂದ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡುತ್ತಾರೆ. ಹರಡಿ ಕರಗಿದರೆ ಹದ ಬಂದಿಲ್ಲ. ಮೆತ್ತಗೆ ಉಂಡೆಯಾಗಿ ಹಿಡಿದಲ್ಲಿ ಚಪ್ಪಟೆಯಾದರೆ ಇನ್ನೇನು ಬಂತು. ಉಂಡೆ ಗಟ್ಟಿಯಾಗಿ, ತಟ್ಟೆಗೆ ಬಡಿದರೆ ‘ಟಣ್’ ಎಂದರೆ ಇಳಿಸುವ ಹೊತ್ತು. ಇಲ್ಲಿ ಎರಡು ನಿಮಿಷ ಮೈಮರೆತರೂ ತಳ ಹಿಡಿದು ಕಹಿಯಾಗುತ್ತದೆ. ಮೊದಲೇ ಇಳಿಸಿದರೆ ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆ. ಈ ಹೊತ್ತಿನಲ್ಲಿ ಹದ ನೋಡುವವರನ್ನು ಮಾತಾಡಿಸಬೇಡಿ, ಸೆಲ್ಫಿಗೆ ಕರೆಯಲೇಬೇಡಿ. ಆ ನೀರಿನ ಉಂಡೆ ಕೇಳಿ ಇಸಿದುಕೊಂಡು ಬಾಯಿಗೆ ಹಾಕಿ, ಇಡೀ ದಿನದಲ್ಲಿ ಅದಕ್ಕಿಂತ ರುಚಿಯದು ಸಿಗುವುದಿಲ್ಲ.

ಮಕ್ಕಳನ್ನು ಕೈಬಿಡಬೇಡಿ. ಕೊಪ್ಪರಿಗೆ ನೆಲಮಟ್ಟದಲ್ಲೇ ಇರುತ್ತದೆ, ಸುತ್ತ ಪಾಕ ಚೆಲ್ಲಿ ಜಾರುತ್ತಿರುತ್ತದೆ. ಕುದಿನೀರಿನಂತೆ ಪಾಕ ಹರಿದುಹೋಗುವುದಿಲ್ಲ, ಚರ್ಮಕ್ಕೆ ಅಂಟಿ ಸುಡುತ್ತಲೇ ಇರುತ್ತದೆ. ಸಿಡಿದರೆ ಕೀಳಲು ಹೋಗದೆ ಕೂಡಲೇ ತಣ್ಣೀರು ಹರಿಸಿ, ಇಪ್ಪತ್ತು ನಿಮಿಷ ಹರಿಸುತ್ತಲೇ ಇರಿ. ನೈಲಾನ್ ಬಟ್ಟೆ ಬೇಡ, ಹತ್ತಿಯದೇ ಸರಿ. ಹಲವು ಕಡೆ ಒಲೆಯ ಹತ್ತಿರ ಚಪ್ಪಲಿ ಬಿಡಿಸುತ್ತಾರೆ, ಕೇಳಿಕೊಂಡು ಮುಂದೆ ಹೋಗಿ.

ಬುತ್ತಿಯಲ್ಲಿ ಸಿಹಿ ಕಟ್ಟಬೇಡಿ. ಕಟ್ಟಬೇಕಾದದ್ದು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು, ಉಳ್ಳಾಗಡ್ಡಿ, ಒಂದು ಡಬ್ಬಿ ತುಪ್ಪ, ಹುರಿದ ಶೇಂಗಾ. ತಿನ್ನುವ ಕ್ರಮವೂ ಇದೆ. ಜೋನಿ ಬೆಲ್ಲ ಬಿಸಿಯಿರುವಾಗ ತಟ್ಟೆಗೆ ಎರಡು ಚಮಚ ಹಾಕಿ, ಮೇಲೆ ಅರ್ಧ ಚಮಚ ತುಪ್ಪ, ಖಡಕ್ ರೊಟ್ಟಿ ಮುರಿದು ಅದ್ದಿ. ಮೆತ್ತನೆ ರೊಟ್ಟಿ ಇಲ್ಲಿ ಕೆಲಸಕ್ಕೆ ಬಾರದು, ಪಾಕ ಹೀರಿ ಮುದ್ದೆಯಾಗುತ್ತದೆ. ಅಚ್ಚಿಗೆ ಸುರಿದ ಬೆಲ್ಲ ಬೆಚ್ಚಗೆ ಮೇಣದಂತಿರುವಾಗ ಹುರಿದ ಶೇಂಗಾ ಹುದುಗಿಸಿ ತಿನ್ನಿ. ಇಷ್ಟಾದ ಮೇಲೆ ಎಣ್ಣೆಗಾಯಿ, ಮೊಸರು, ಖಾರ. ಮೊದಲೇ ಖಾರ ತಿಂದರೆ ನಾಲಿಗೆ ಮರಗಟ್ಟಿ ಬೆಲ್ಲದ ವಾಸನೆ ತಿಳಿಯುವುದಿಲ್ಲ. ಸೀತನಿ ಸಿಕ್ಕರೆ ಕೆಂಡದಲ್ಲಿ ತೆನೆ ಸುಟ್ಟು ಬಡಿದು, ಬಿಸಿ ಕಾಳಿಗೆ ಪುಡಿಬೆಲ್ಲ ಒಂದು ಮುಷ್ಟಿ, ಶೇಂಗಾ ಚಟ್ನಿ ಇನ್ನೊಂದು ಮುಷ್ಟಿ.

ರುಚಿ ನೋಡಲು ಕೊಟ್ಟದ್ದಕ್ಕೆ ದುಡ್ಡು ಚಾಚಬೇಡಿ, ಬೇಸರವಾಗುತ್ತದೆ. ಬೆಲ್ಲ ಕೊಳ್ಳಿ, ಅದೇ ಮರ್ಯಾದೆ. ಚಿಲ್ಲರೆ ಒಯ್ದಿರಿ.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಮಾರುಕಟ್ಟೆಯ ಹಳದಿ ಹೊಳಪಿನ ಬೆಲ್ಲದಲ್ಲಿ ಹಲವು ಸಲ ‘ಹೈಡ್ರೋಸ್’, ಅಂದರೆ ಸೋಡಿಯಂ ಹೈಡ್ರೊಸಲ್ಫೈಟ್ ಇರುತ್ತದೆ. ಹಾಕಿದೊಡನೆ ಬಣ್ಣ ತಿಳಿಯಾಗುತ್ತದೆ, ದಿನ ಕಳೆದಂತೆ ಮತ್ತೆ ಕಪ್ಪೇರುತ್ತದೆ. ಹಾಗಂತ ಕಪ್ಪೆಲ್ಲ ಶುದ್ಧವೂ ಅಲ್ಲ, ಈಗ ಕಪ್ಪು ಬೆಲ್ಲಕ್ಕೆ ಬೇಡಿಕೆ ಇರುವುದರಿಂದ ಸೀದದ್ದನ್ನೂ ‘ಸಾವಯವ’ ಎಂದು ಮಾರುವವರಿದ್ದಾರೆ. ಮುರಿದು ನೋಡಿ: ಒಳಗೆ ಸಣ್ಣ ಹರಳು ಕಾಣಬೇಕು, ನಾಲಿಗೆಗೆ ಕಹಿ, ಉಪ್ಪು ತಾಗಬಾರದು. ಬಿಸಿನೀರಿನಲ್ಲಿ ಕರಗಿಸಿದರೆ ಕಡ್ಡಿಪೆಟ್ಟಿಗೆಯ ವಾಸನೆ ಬರಬಾರದು. ಲಿಂಬೆರಸ ಬಿಟ್ಟಾಗ ಬುರುಬುರು ನೊರೆ ಬಂದರೆ ಸೋಡಾ ಅಥವಾ ಸೀಮೆಸುಣ್ಣದ ಪುಡಿ ಬೆರೆತಿದೆ.

ಬಿಸಿ ಬೆಲ್ಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬರುವುದು ದೊಡ್ಡ ತಪ್ಪು. ಒಳಗೇ ಬೆವತು, ವಾರದಲ್ಲಿ ಬೂಸರು. ಕಾಗದದಲ್ಲಿ ಸುತ್ತಿ ತಂದು, ಮನೆಯಲ್ಲಿ ಒಂದು ದಿನ ಗಾಳಿಗೆ ಬಿಟ್ಟು, ಆಮೇಲೆ ಡಬ್ಬಿಗೆ ಹಾಕಿ. ಪಾಯಸಕ್ಕೆ ಬಳಸುವಾಗ ಹಾಲು ಒಲೆಯಿಂದ ಇಳಿಸಿ ಆರಿದ ಮೇಲೆ ಬೆಲ್ಲ ಹಾಕಿ, ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ.

ಹೊಸ ಬೆಲ್ಲದಲ್ಲಿ ಮಾದಲಿ ಮಾಡುವ ಆಸೆ ಎಲ್ಲರಿಗೂ. ವಾರ ತಾಳಿ, ಹಸಿ ಬೆಲ್ಲ ಹಾಕಿದರೆ ಗಂಟುಗಂಟಾಗುತ್ತದೆ. ಅರ್ಧ ಕಿಲೋ ತರಿಯಾದ ಗೋಧಿ ಹಿಟ್ಟಿಗೆ 50 ಗ್ರಾಂ ಕಡಲೆಹಿಟ್ಟು, ಚಿಟಿಕೆ ಉಪ್ಪು, ನೀರು ಕಡಿಮೆ ಹಾಕಿ ಗಟ್ಟಿಯಾಗಿ ನಾದಿ. ದಪ್ಪ ಚಪಾತಿ ಲಟ್ಟಿಸಿ, ಸಣ್ಣ ಉರಿಯಲ್ಲಿ ಎಣ್ಣೆಯಿಲ್ಲದೆ ಒಳಗಿನ ತನಕ ಬೇಯಿಸಿ. ನಡುವೆ ಹಸಿ ಉಳಿದರೆ ಎರಡೇ ದಿನಕ್ಕೆ ಹಳಸುತ್ತದೆ. ಬೆಚ್ಚಗಿರುವಾಗಲೇ ಮುರಿದು ಕುಟ್ಟಿ ಜರಡಿ ಹಿಡಿಯಿರಿ. 300 ಗ್ರಾಂ ತುರಿದ ಬೆಲ್ಲ, 50 ಗ್ರಾಂ ಒಣಕೊಬ್ಬರಿ, 50 ಗ್ರಾಂ ಪುಟಾಣಿ, ಎರಡು ಚಮಚ ಹುರಿದ ಗಸಗಸೆ, ಒಂದು ಚಮಚ ಏಲಕ್ಕಿ ಪುಡಿ ಬೆರೆಸಿ. ಉಣ್ಣುವಾಗ ಮೇಲೆ ಬಿಸಿ ಹಾಲು, ತುಪ್ಪ.

ಜೋನಿ ಬೆಲ್ಲಕ್ಕೆ ಸ್ಟೀಲ್ ಕ್ಯಾನ್ ಒಯ್ಯಿರಿ, ಒಳಗೆ ಹನಿ ನೀರೂ ಇರಬಾರದು, ಇದ್ದರೆ ಹುಳಿಯುತ್ತದೆ. ಬಿಸಿಯಿರುವಾಗ ಮುಚ್ಚಳ ಬಿಗಿಯಬೇಡಿ, ಮೇಲೆ ನಾಲ್ಕು ಬೆರಳು ಜಾಗ ಬಿಡಿ. ತಿಂಗಳೊಳಗೆ ತಳದಲ್ಲಿ ಸಕ್ಕರೆ ಹರಳು ಕೂತರೆ ಕಲಬೆರಕೆ ಎಂದು ಗಾಣದವರಿಗೆ ಫೋನ್ ಮಾಡಬೇಡಿ. ಕ್ಯಾನನ್ನು ಬಿಸಿನೀರಿನ ಪಾತ್ರೆಯಲ್ಲಿ ಅರ್ಧ ತಾಸು ನಿಲ್ಲಿಸಿ, ಒಣ ಚಮಚದಿಂದ ತಿರುವಿದರೆ ಕರಗುತ್ತದೆ.